ಹಿಟ್ಟಿಗೆ ಒಲಿದ ಕೈ

ಕೈಗುಣ ಎಂಬುದನ್ನು ಯಾರಾದರೂ ನಂಬಿದರೆ ನಾನು ನಗುತ್ತಿದ್ದೆ. ವಿಜ್ಞಾನಿಯೆಂದು ಸಂಬಳ ತೆಗೆದುಕೊಳ್ಳುವವನು ನಗದಿದ್ದರೆ ಹೇಗೆ? ಆದರೂ ಮುಂಬಯಿಯ ಭಾಂಡುಪಿನ ನಮ್ಮ ಮನೆಯಲ್ಲಿ ಇಡ್ಲಿ ಹಿಟ್ಟು ಕಲಸುವುದು ನಾನೇ. ಅಪ್ಪ ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಜೀವನವಿಡೀ ಹಿಟ್ಟು ಕಲಸಿದವರು. ಆ ಕೈ ನನಗೆ ಬಂದಿದೆಯೆಂದು ಧಾರವಾಡದವಳಾದ ನನ್ನ ಹೆಂಡತಿ ಸುಮಾಳ ತೀರ್ಪು.

ಪ್ರಯೋಗಾಲಯದಲ್ಲಿ ನನ್ನ ಕೆಲಸ ಮೇದೋಜೀರಕ ಗ್ರಂಥಿಯ ಜೀವಕೋಶಗಳನ್ನು ಸಾಕುವುದು. ಅದೂ ಎಂಥವು? ಕೆಡಲು ಶುರುವಾಗಿ ಇನ್ನೂ ಕ್ಯಾನ್ಸರ್ ಆಗದಂಥವು. ಈ ಕ್ಯಾನ್ಸರ್ ಗೊತ್ತಾಗುವ ಹೊತ್ತಿಗೆ ಸಾಮಾನ್ಯವಾಗಿ ತಡವಾಗಿರುತ್ತದೆ. ಹೊಸ್ತಿಲಲ್ಲಿರುವಾಗಲೇ ಅದನ್ನು ಹಿಡಿಯುವ ದಾರಿ ಹುಡುಕಲು ಇವು ಬೇಕು. ಪೂರ್ತಿ ಕೆಟ್ಟ ಕೋಶಗಳು ಹೇಗಾದರೂ ಬದುಕುತ್ತವೆ. ಈ ಅರೆಕೆಟ್ಟವುಗಳದ್ದು ಮಾತ್ರ ಬೀಗರ ನಖರಾ. ಊಟ ತಡವಾದರೆ ಮುನಿಸು, ಜನ ಹೆಚ್ಚಾದರೆ ಮುನಿಸು. ವರ್ಷಗಟ್ಟಲೆ ಒದ್ದಾಡಿ ಬದುಕಿಸಿಕೊಂಡಿದ್ದೆವು.

ಆ ಭಾನುವಾರ ಅವುಗಳಿಗೆ ಉಣಿಸುವ ಪಾಳಿ ನನ್ನದು. ಹಳಿ ದುರಸ್ತಿಗೆಂದು ರೈಲು ಕಡಿಮೆ ಮಾಡುವ ಮೆಗಾಬ್ಲಾಕ್ ಬೇರೆ. ಚಪ್ಪಲಿ ಮೆಟ್ಟುವಾಗ ಸುಮಾ ಅಡ್ಡ ನಿಂತಳು.

"ಹಿಟ್ಟು ಕಲಸಿ ಹೋಗ್ರಿ. ನಾಳೆ ನಮ್ಮ ಅಣ್ಣ ಬರ್ತಾನ. ಇಡ್ಲಿ ಕಲ್ಲಾದ್ರ ನನ್ನ ಮರ್ಯಾದಿ ಹೋಗತದ."

ಕಲಸಿದೆ. ಕೈ ತೊಳೆದು ಓಡಿದೆ. ದಾದರಿನಲ್ಲಿ ರೈಲು ಬದಲಿಸಿ, ಬೆವರಿಳಿಸುತ್ತ ತಲುಪಿ, ಗ್ಲೌಸ್ ಹಾಕಿಕೊಂಡು ಕೋಶಗಳಿಗೆ ಉಣಿಸಿ ಬಂದೆ. ಮರುದಿನ ಇಡ್ಲಿ ಹೂವಿನಂತಾಯಿತು. ಭಾವ ಕೇಳಿ ಕೇಳಿ ಹಾಕಿಸಿಕೊಂಡ.

ಮಂಗಳವಾರ ಪ್ರಯೋಗಾಲಯದ ಬಾಟಲಿಗಳಲ್ಲಿದ್ದ ಗುಲಾಬಿ ದ್ರವ ಹಳದಿಯಾಗಿ ಕದಡಿಹೋಗಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಗಳ ನಡುವೆ ಹಿಟ್ಟು ಹುದುಗಿಸುವ ದುಂಡು ದುಂಡು ಯೀಸ್ಟ್, ಮರಿ ಹಾಕುತ್ತ ಸುಖವಾಗಿತ್ತು. ಮುಚ್ಚಳ ತೆರೆದಾಗ ನಮ್ಮ ಅಡುಗೆಮನೆಯ ವಾಸನೆ.

ನಮ್ಮ ಮುಖ್ಯಸ್ಥೆ ಶೈಲಾ ಮೇಡಂ ಮಂಗಳೂರಿನವರು. ನನ್ನ ಗಡಿಯಾರದ ಪಟ್ಟಿಯಲ್ಲಿ ಒಣಗಿದ್ದ ಬಿಳಿ ಹಿಟ್ಟಿನ ಚೂರನ್ನೇ ನೋಡಿದರು.

"ಎಂತ ಮಾರಾಯ್ರೆ, ಇದು ಲ್ಯಾಬಾ, ಹೋಟ್ಲಾ?"

ಬಾಟಲಿಗಳಿಗೆಲ್ಲ ಬ್ಲೀಚ್ ಸುರಿದು ಯೀಸ್ಟಿನ ಜೊತೆ ಕೋಶಗಳನ್ನೂ ಕೊಂದೆವು. ಉಳಿದದ್ದು ಹೆಪ್ಪುಗಟ್ಟಿಸಿ ಇಟ್ಟಿದ್ದ ಒಂದೇ ಸೀಸೆ. ಅದೂ ಹೋದರೆ ಎಲ್ಲರ ದುಡಿಮೆ ನೀರುಪಾಲು. ಅದನ್ನು ಕರಗಿಸಿ ಬೆಳೆಸುವ ಕೆಲಸ ಕಿರಿಯ ಸಹೋದ್ಯೋಗಿ ಸ್ನೇಹಲ್‌ಗೆ ಹೋಯಿತು.

"ನೀವು ಬಾಗಿಲ ಹತ್ರ ಕೈ ಕಟ್ಟಿ ನಿಂತುಕೊಂಡು ಅವಳಿಗೆ ಹೇಳಿಕೊಡಿ, ಸಾಕು" ಎಂದರು ಮೇಡಂ.

ನಿಂತೆ. ಎರಡು ದಿನ ಅನ್ನ ಸೇರಲಿಲ್ಲ, ಇಡ್ಲಿಯಂತೂ ನೋಡಲೂ ಆಗಲಿಲ್ಲ. ಮೂರನೆಯ ದಿನ ಸ್ನೇಹಲ್ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, "ಸರ್, ಚಿಪಕ್ ಗಯೇ!" ಎಂದಳು. ತಟ್ಟೆಯ ತಳಕ್ಕೆ ಕೋಶಗಳು ಅಂಟಿಕೊಂಡಿದ್ದವು, ಅಂದರೆ ಬದುಕಿದ್ದವು. ಕಣ್ಣಲ್ಲಿ ನೀರು ಬಂತು, ತಪ್ಪನ್ನು ಬ್ಲೀಚಿನ ಘಾಟಿನ ಮೇಲೆ ಹಾಕಿದೆ.

ಈಗ ಭಾನುವಾರದ ಪಾಳಿಯಿಂದ ನನ್ನ ಹೆಸರು ತೆಗೆದಿದ್ದಾರೆ. ಬದಲಿಗೆ ಸೋಮವಾರದ ಹೊಣೆ ಕೊಟ್ಟಿದ್ದಾರೆ: ಇಡೀ ಪ್ರಯೋಗಾಲಯಕ್ಕೆ ಇಡ್ಲಿ. ಕ್ಯಾಂಟೀನಿನಲ್ಲಿ ಕೂತು ಎಲ್ಲರೂ ತಿನ್ನುತ್ತಾರೆ. ಮೊನ್ನೆ ಮೇಡಂ ಎರಡನೆಯ ಸಲ ಚಟ್ನಿ ಹಾಕಿಸಿಕೊಳ್ಳುತ್ತ, ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ನನ್ನ ಕೈಕೆಲಸ ಚೆನ್ನಾಗಿದೆ ಎಂದರು.