ವರ್ಷಕ್ಕೊಮ್ಮೆ ಹಾಡುವ ತಟ್ಟೆ

ಆ ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಆರ್ನಾಲ್ಡ್ ಬ್ರಿಗ್ಸ್ ಮಾಡಬಾರದ ಕೆಲಸ ಮಾಡಿದ. ಹೆಂಡತಿ ಎನಿಡ್ ತಂಗಿಯನ್ನು ನೋಡಲು ಬ್ಲ್ಯಾಕ್‌ಪೂಲಿಗೆ ಹೋಗಿದ್ದಳು. ಕಪಾಟಿನ ತುದಿಯಿಂದ ಸಂಘದ ರೆಕಾರ್ಡನ್ನು ಇಳಿಸಿ, ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿ ತಂದು, ಪ್ಲೇಯರಿನ ಮೇಲಿಟ್ಟು ಮುಳ್ಳು ಇಳಿಸಿದ.

ರೋಚ್‌ಡೇಲಿನ ‘ಟಿನ್ ಹೆರಾನ್ಸ್ ಅಭಿಮಾನಿ ಸಂಘ’ದ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಪಾಪವಿರಲಿಲ್ಲ. ಟಿನ್ ಹೆರಾನ್ಸ್ ಅಂದರೆ ಅದೇ ಊರಿನ ಹತ್ತಿ ಗಿರಣಿಯ ಹಿಂದಿನ ಬೀದಿಯಿಂದ ಎದ್ದು ಬಂದ ನಾಲ್ವರು. ಅರುವತ್ತರ ದಶಕದಲ್ಲಿ ಐದೇ ಐದು ರೆಕಾರ್ಡು ಮಾಡಿ, ಜಗಳವಾಡಿ, ಬೇರೆಯಾದರು. ಆ ಐದರಲ್ಲಿ ಎರಡನೆಯದು ಇದು. ಹೊದಿಕೆಯ ಮೇಲೆ ನಾಲ್ವರದೂ ಸಹಿ. ಸಂಘದ ಏಳು ಮಂದಿ ಸರದಿಯ ಮೇಲೆ ಒಂದೊಂದು ವರ್ಷ ಇದನ್ನು ಮನೆಯಲ್ಲಿ ಕಾಪಾಡಬೇಕು. ಆದರೆ ಕೇಳುವುದು ವರ್ಷಕ್ಕೊಮ್ಮೆ, ‘ಬ್ಲೂ ಬ್ಯಾರೆಲ್’ ಪಬ್ಬಿನ ಮಹಡಿಯಲ್ಲಿ, ಎಲ್ಲರೂ ಒಟ್ಟಿಗೆ. ಕದ್ದು ಕೇಳಿದವನ ಹೆಸರು ಪಟ್ಟಿಯಿಂದ ಔಟು. ಮಗಳ ಮದುವೆಯಲ್ಲಿ ಇದನ್ನು ಹಾಕಿದ ಲಯನೆಲ್ ಎಂಬ ಪುಣ್ಯಾತ್ಮ ಎದುರು ಬಂದರೆ ಸದಸ್ಯರು ಇವತ್ತಿಗೂ ರಸ್ತೆ ದಾಟಿ ಆಚೆ ಬದಿ ಸೇರುತ್ತಾರೆ.

ಆರ್ನಾಲ್ಡನಿಗೆ ಇದೆಲ್ಲ ಗೊತ್ತಿತ್ತು. ಮೂವತ್ತೆಂಟು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಆ ಸಂಘ ಬಿಟ್ಟರೆ ಅವನಿಗೆ ಬೇರೆ ಲೋಕವಿಲ್ಲ. ಅವತ್ತೇ ಮಧ್ಯಾಹ್ನ ಎರಡಕ್ಕೆ ವಾರ್ಷಿಕ ಕೂಟ, ಆಮೇಲೆ ರೆಕಾರ್ಡು ಬೇರೆಯವರ ಮನೆಗೆ. ಒಂದೇ ಒಂದು ಸಲ, ತನ್ನ ಅಡುಗೆಮನೆಯಲ್ಲಿ, ಚಹಾ ಕುಡಿಯುತ್ತ, ಆ ನಾಲ್ಕನೇ ಹಾಡನ್ನು ಒಬ್ಬನೇ ಕೇಳಬೇಕು ಅನ್ನಿಸಿತು. ಆಸೆಯ ಮುಂದೆ ನಿಯಮ ಯಾರಿಗೆ ನೆನಪಿರುತ್ತದೆ?

ಆ ಹಾಡು ಹಾಗಿದೆ, ಏನು ಮಾಡುವುದು! ಮೊದಲು ಗಿಟಾರು ಒಂದೇ, ಯಾರೋ ಬಾಗಿಲ ಹೊರಗೆ ನಿಂತು ಒಳಗೆ ಬರಲೋ ಬೇಡವೋ ಅನ್ನುವಂತೆ. ಆಮೇಲೆ ಡ್ರಮ್ಮು ಅರೆಗಳಿಗೆ ತಡವಾಗಿ ಬರುತ್ತದೆ. ಆ ತಡದಲ್ಲೇ ಎದೆ ಹಿಡಿದಂತಾಗುತ್ತದೆ. ಪಲ್ಲವಿಗೆ ಮೂರು ಕಂಠ ಸೇರಿದಾಗ ಆರ್ನಾಲ್ಡ್ ಚಹಾದ ಲೋಟ ಕೆಳಗಿಟ್ಟು ಕಣ್ಣು ಮುಚ್ಚಿದ.

“ಅಯ್ಯೋ, ಇವರು ನನ್ನ ಹುಡುಗರಲ್ವೇನೋ!”

ಹಿಂಬಾಗಿಲು ತಳ್ಳಿಕೊಂಡು ಪಕ್ಕದ ಮನೆಯ ಮ್ಯೂರಿಯಲ್ ಟ್ಯಾಟರ್ಸಲ್ ಬಂದಾಗಿತ್ತು. ಹದಿನೇಳರ ಹರೆಯದಲ್ಲಿ ಇವರ ಕಾರ್ಯಕ್ರಮಕ್ಕೆ ಹೋಗಿ, ಕೂಗಿ ಕೂಗಿ ಮೂರು ದಿನ ದನಿ ಕಳೆದುಕೊಂಡಿದ್ದವಳು. ಈಗ ಎಪ್ಪತ್ತೈದು ದಾಟಿದೆ, ತೂಕವೂ ದಾಟಿದೆ. ಡ್ರಮ್ಮಿಗೆ ಸರಿಯಾಗಿ ಎರಡು ಸಲ ಕುಣಿದಳು. ಹಲಗೆಯ ನೆಲ ನಡುಗಿತು. ಮುಳ್ಳು ನೆಗೆದು, ರೆಕಾರ್ಡಿನ ಅಡ್ಡಕ್ಕೂ ಕರ್ರ್ ಎಂದು ಗೀರು ಎಳೆದು ನಿಂತಿತು.

“ಮ್ಯೂರಿಯಲ್! ನನ್ನ ಮನೆ ಹಾಳು ಮಾಡಿದ್ಯಲ್ಲೇ!”

“ಒಂದು ಗೀರಿಗೆ ಯಾಕೋ ಹಾಗೆ ಬಡ್ಕೋತೀಯ? ಹಲ್ಲುಪೇಸ್ಟ್ ತಾ. ನಮ್ಮಪ್ಪ ಗಡಿಯಾರದ ಗಾಜಿಗೆ ಅದನ್ನೇ ಹಚ್ತಿದ್ದ.”

ಮನಸ್ಸು ಬೇಡ ಅಂದರೂ ಕೈ ಪೇಸ್ಟ್ ತಂದುಕೊಟ್ಟಿತು. ಅವಳು ಉಜ್ಜಿದ ಹುರುಪಿಗೆ ಗೀರು ಮುಚ್ಚಿತು, ಅದರ ಜೊತೆಗೆ ಹಾಡೂ ಮುಚ್ಚಿತು. ಸಂದಿಸಂದಿಯಲ್ಲೂ ಬಿಳಿ ಗಟ್ಟಿಯಾಗಿ ಕೂತಿತು. ಗಲಾಟೆ ಕೇಳಿ ಬಲಗಡೆ ಮನೆಯ ಸ್ಟ್ಯಾನ್ ವಿಟಲ್ ಬಂದ. ಲಾಂಡ್ರಿಯಲ್ಲಿ ಆಯಸ್ಸು ಕಳೆದವನು.

“ಪೇಸ್ಟ್ ಯಾರ್ರೀ ಹಚ್ಚಿದ್ದು? ಬುದ್ಧಿ ಬೇಡ್ವಾ?” ಎಂದ. “ಮೇಲೊಂದು ಕಾಗದ ಹಾಕಿ ಇಸ್ತ್ರಿ ಮೆತ್ತಗೆ ಆಡಿಸಿದ್ರೆ ಅಷ್ಟೂ ಕಾಗದಕ್ಕೆ ಬರುತ್ತೆ. ಸರಿ ಆ ಕಡೆ. ಮೂವತ್ತು ವರ್ಷದಲ್ಲಿ ಒಂದು ಅಂಗಿ ಸುಟ್ಟಿಲ್ಲ ನಾನು.”

ಅಂಗಿ ಸುಟ್ಟಿಲ್ಲ ಅನ್ನುವುದು ನಿಜವಿರಬಹುದು. ಕಾಗದ ತೆಗೆದಾಗ ರೆಕಾರ್ಡು ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ನಾಲ್ಕೂ ಕಡೆ ಸುರುಟಿಕೊಂಡಿತ್ತು.

“ಹಣ್ಣಿಡೋಕೆ ಚೆನ್ನಾಗಿರುತ್ತೆ,” ಎಂದಳು ಮ್ಯೂರಿಯಲ್, ಸಮಾಧಾನಕ್ಕೆ.

ಇಬ್ಬರನ್ನೂ ಹೊರಗೆ ಕಳಿಸಿ ಆರ್ನಾಲ್ಡ್ ತಲೆಮೇಲೆ ಕೈ ಹೊತ್ತು ಕೂತ. ಕೂತಲ್ಲೇ ಗಂಟೆ ಒಂದಾಯಿತು. ಕೊನೆಗೆ ಅವನ ಕಣ್ಣು ತನ್ನ ಸ್ವಂತ ರೆಕಾರ್ಡಿನ ಮೇಲೆ ಹೋಯಿತು. ಅದೇ ಹಾಡುಗಳು, ನಡುವೆ ಅದೇ ನೀಲಿ ಚೀಟಿ. ಚರ್ಚಿನ ಹಳೆ ಸಾಮಾನಿನ ಮಾರಾಟದಲ್ಲಿ ಎನಿಡ್ ಒಂದು ದೀಪ ಕೊಂಡಾಗ ಜೊತೆಗೆ ಪುಕ್ಕಟೆ ಬಂದದ್ದು. ಹೊದಿಕೆಯೂ ಇಲ್ಲದೆ ಹಳೆ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿಟ್ಟಿದ್ದ. ಅದನ್ನು ಸಹಿಯ ಹೊದಿಕೆಯೊಳಗೆ ತೂರಿಸಿ, ದೇವರ ಮೇಲೆ ಭಾರ ಹಾಕಿ ಹೊರಟ.

ಪಬ್ಬಿನ ಮಹಡಿಯಲ್ಲಿ ಪರದೆ ಎಳೆದಿತ್ತು. ಅಧ್ಯಕ್ಷ ಜೆರಾಲ್ಡ್ ಆಲರೆನ್‌ಶಾ ಬಿಳಿ ಕೈಗವಸು ತೊಟ್ಟು ರೆಕಾರ್ಡು ತೆಗೆದ. ಗಣಿತದ ಮೇಷ್ಟ್ರಾಗಿದ್ದವನು, ಬರೀ ಕೇಳಿ ಯಾವ ಅಚ್ಚಿನ ರೆಕಾರ್ಡು ಎಂದು ಹೇಳಬಲ್ಲೆ ಎನ್ನುವುದು ಅವನ ಹೆಮ್ಮೆ. ಆರ್ನಾಲ್ಡ್ ಬಾಗಿಲ ಹತ್ತಿರದ ಕುರ್ಚಿ ಹಿಡಿದ.

ಹಾಡು ಶುರುವಾಯಿತು. ತಡವಾಗಿ ಬರುವ ಆ ಡ್ರಮ್ಮಿಗೆ ಏಳೂ ಜನ ಒಂದೇ ಸಲ ತಲೆ ತೂಗಿದರು. ಈ ಹಾಡು ಬಂದಾಗ ಇವರೆಲ್ಲ ಹುಡುಗರು. ಈಗ ಒಬ್ಬರಿಗೆ ಮಂಡಿ ನೋವು, ಒಬ್ಬರಿಗೆ ಸಕ್ಕರೆ. ಆದರೂ ಆ ಮೂರು ಕಂಠ ಸೇರಿದಾಗ ಎಲ್ಲರ ಮುಖದಲ್ಲೂ ಅದೇ ಹಳೆಯ ಬೆಳಕು. ಅಷ್ಟು ಒಳ್ಳೆಯ ಹಾಡನ್ನು ಮಾಡಿದ ಆ ನಾಲ್ವರ ಮೇಲೆ ಆರ್ನಾಲ್ಡನಿಗೆ ಪ್ರೀತಿ ಉಕ್ಕಿತು. ಭಯ ಮರೆತು ಅವನೂ ಅತ್ತ.

ಹಾಡು ಮುಗಿಯಿತು. ಕಾರ್ಯದರ್ಶಿ ಹೇಜಲ್ ಪಾಮ್‌ಫ್ರೆಟ್ ಮೂಗು ಒರೆಸಿಕೊಂಡು, “ಜೆರಾಲ್ಡ್, ಆ ಬೇಸ್ ಗಿಟಾರು... ಹೋದ ವರ್ಷ ಹೀಗಿತ್ತಾ?” ಎಂದಳು.

“ಯಾವ ವರ್ಷಾನೂ ಹೀಗಿರಲಿಲ್ಲ,” ಎಂದ ಜೆರಾಲ್ಡ್. “ಭೂತಗನ್ನಡಿ ಕೊಡಿ.”

ನಡುವಿನ ಚೀಟಿಯ ಪಕ್ಕದಲ್ಲಿ ಕೊರೆದ ಅಂಕಿಯನ್ನು ಮೂರು ಸಲ ನೋಡಿದ. ಸಂಘದ ರೆಕಾರ್ಡು ಎರಡನೇ ಅಚ್ಚಿನದು. ಮೊದಲ ಅಚ್ಚಿನ ಬೇಸ್ ನಾದ ಎಷ್ಟು ಜೋರೆಂದರೆ ಅಗ್ಗದ ಪ್ಲೇಯರುಗಳಲ್ಲಿ ಮುಳ್ಳು ನಿಲ್ಲುತ್ತಿರಲಿಲ್ಲ. ಇನ್ನೂರು ತೆಗೆದು ಕಂಪನಿ ಅದನ್ನು ನಿಲ್ಲಿಸಿತ್ತು. ಸಂಘದಲ್ಲಿ ಅದನ್ನು ಕಂಡವರೇ ಇಲ್ಲ.

“ಇದು ನಮ್ಮದಲ್ಲ,” ಎಂದ ಜೆರಾಲ್ಡ್. “ಇದು ಒಂದನೇ ಅಚ್ಚು!”

ಎಲ್ಲರೂ ಆರ್ನಾಲ್ಡನ ಕಡೆ ತಿರುಗಿದರು. ಬೇರೆಯವರ ರೆಕಾರ್ಡಿನ ಅಂಕಿಗಳನ್ನು ಬಾಯಿಪಾಠ ಮಾಡಿದ್ದ ಈ ಮಹಾನುಭಾವ, ಪುಕ್ಕಟೆ ಬಂದ ತನ್ನದನ್ನು ಒಂದು ದಿನವೂ ತಿರುಗಿಸಿ ನೋಡಿರಲಿಲ್ಲ.

“ಅದು... ಅದು ನಂದು,” ಎಂದ ಎದ್ದು ನಿಂತು. ಇನ್ನು ಎಲ್ಲ ಒಪ್ಪಿಕೊಂಡುಬಿಡೋಣ ಅಂದುಕೊಂಡ. “ಏನಾಯ್ತು ಅಂದ್ರೆ, ಬೆಳಿಗ್ಗೆ—”

ಜೆರಾಲ್ಡ್ ಅವನನ್ನು ಬಾಚಿ ತಬ್ಬಿಕೊಂಡ. “ಏನೂ ಹೇಳ್ಬೇಡ ಮಾರಾಯ, ಅರ್ಥ ಆಯ್ತು! ನಿನ್ನ ಚಿನ್ನದಂಥ ರೆಕಾರ್ಡನ್ನ ನಮ್ಮ ಹೊದಿಕೇಲಿಟ್ಟು ಸಂಘಕ್ಕೆ ಕೊಟ್ಟಿದೀಯ! ಒಂದು ಮಾತೂ ಆಡ್ದೆ!”

ಚಪ್ಪಾಳೆ ಬಿತ್ತು. ಹೇಜಲ್ ಆಗಲೇ ಪುಸ್ತಕ ತೆಗೆದು ‘ಆರ್ನಾಲ್ಡ್ ಬ್ರಿಗ್ಸ್ ಅವರ ದಾನ’ ಎಂದು ಬರೆದಳು. ತನ್ನ ರೆಕಾರ್ಡು ಹೋಯಿತು, ಸರಿ. ಹೆಸರಾದರೂ ಪಟ್ಟಿಯಲ್ಲಿ ಉಳಿಯಿತಲ್ಲ ಎಂದುಕೊಂಡು ಆರ್ನಾಲ್ಡ್ ಕೂತ.

“ನಾವೇನು ಕೃತಘ್ನರಲ್ಲ,” ಎಂದ ಜೆರಾಲ್ಡ್. “ನಮ್ಮ ಹಳೇ ರೆಕಾರ್ಡು ಇನ್ಮೇಲೆ ನಿಂದೇ. ಯಾವ ನಿಯಮಾನೂ ಇಲ್ಲ, ದಿನಾ ಕೇಳು!”

“ಎರಡನ್ನೂ ಒಂದಾದ ಮೇಲೊಂದು ಕೇಳಿದ್ರೆ ಗೊತ್ತಾಗುತ್ತಲ್ವಾ ವ್ಯತ್ಯಾಸ?” ಎಂದಳು ಹೇಜಲ್, ಕಣ್ಣರಳಿಸಿ. “ಅದು ಇವನ ಮನೇಲೇ ಇದೆಯಲ್ಲ. ಎರಡು ಬೀದಿ ಆಚೆ.”

“ಎನಿಡ್ ಊರಲ್ಲಿಲ್ಲ,” ಎಂದ ಆರ್ನಾಲ್ಡ್ ಕ್ಷೀಣವಾಗಿ.

“ಚಹಾ ನಾನೇ ಮಾಡ್ತೀನಿ ಬಿಡೋ!” ಎಂದಳು ಹೇಜಲ್.

ಆರು ಜನ ಒಟ್ಟಿಗೆ ಎದ್ದು ಕೋಟು ಹಾಕಿಕೊಂಡರು. ಜೆರಾಲ್ಡ್ ಅಭಿಮಾನದಿಂದ ಆರ್ನಾಲ್ಡನ ಹೆಗಲ ಮೇಲೆ ಕೈ ಹಾಕಿ, ಮೆಟ್ಟಿಲಿನ ಕಡೆ ಅವನನ್ನೇ ಮುಂದೆ ಮಾಡಿದ.