ತಕ್ಕಡಿ ಸಾಹೇಬರ ತೂಕ

ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ತಪಾಸಣೆ ಮಾಡುವುದು ನನ್ನ ಉದ್ಯೋಗ. ನಾನು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ‘ತಕ್ಕಡಿ ಸಾಹೇಬ್ರು ಬಂದ್ರು!’ ಎಂದು ವರ್ತಕರ ಎದೆ ಡವಡವ! ಹತ್ತು ಗ್ರಾಂ ಮೋಸವನ್ನೂ ಬರಿಗಣ್ಣಲ್ಲಿ ಹಿಡಿಯುವ ನನಗೆ ಆರು ಕೆಜಿ ಇಳಿಸುವುದು ಯಾವ ಲೆಕ್ಕ?

“ಹೊಟ್ಟೆ ಸುತ್ತ ಕೊಬ್ಬು ಕೂತ್ರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ. ಆರು ಕೆಜಿ ತೂಕ ಇಳಿಸಿ, ಸಕ್ಕರೆನೂ ಹತೋಟಿಗೆ ಬರುತ್ತೆ. ಎರಡು ತಿಂಗಳು ನೋಡೋಣ. ಆಗ್ಲಿಲ್ಲ ಅಂದ್ರೆ ಮಾತ್ರೆ,” ಎಂದಿದ್ದರು ಡಾಕ್ಟರು.

“ಆರೇನು, ಎಂಟು ಇಳಿಸ್ತೀನಿ!” ಎಂದು ಮನೆಯಲ್ಲಿ ಘೋಷಿಸಿದೆ. ಹೆಂಡತಿ ಮುಳ್ಳಿನ ತೂಕದ ಯಂತ್ರವೊಂದನ್ನು ತಂದಿಟ್ಟು, ಕ್ಯಾಲೆಂಡರಿನ ಮೇಲೆ ಕೆಂಪು ಶಾಯಿಯಲ್ಲಿ ನನ್ನ ಅಂದಿನ ತೂಕ ‘84’ ಎಂದು ಬರೆದಳು.

ಮೂರು ದಿನ ನಡೆದೆ. ನಾಲ್ಕನೆಯ ದಿನ ಮಂಡಿ ಮುಷ್ಕರ ಹೂಡಿತು. ಕಚೇರಿಯಲ್ಲಿ ಬಿಸ್ಕತ್ತಿನ ಡಬ್ಬಿ ಕರೆಯಿತು. ಭಾನುವಾರ ಮುಳ್ಳು 85!

ಆಗ ಇಪ್ಪತ್ತು ವರ್ಷದ ವಿದ್ಯೆ ಕೈಹಿಡಿಯಿತು. ಕಳ್ಳ ವರ್ತಕರು ಸೊನ್ನೆಯನ್ನೇ ಅತ್ತಿತ್ತ ಸರಿಸಿ ಸಿಕ್ಕಿಬೀಳುತ್ತಾರೆ. ದಡ್ಡರು! ನಾನು ಯಂತ್ರವನ್ನು ಬೋರಲು ಹಾಕಿ ಒಳಗಿನ ಸ್ಪ್ರಿಂಗಿನ ತಿರುಪು ಬಿಗಿದೆ. ಖಾಲಿ ಇದ್ದಾಗ ಮುಳ್ಳು ಸೊನ್ನೆಯ ಮೇಲೆ ಸತ್ಯಸಂಧನಂತೆ ನಿಲ್ಲುತ್ತದೆ. ಹತ್ತಿದವರಿಗೆ ಮಾತ್ರ ಸುಳ್ಳು ಹೇಳುತ್ತದೆ. ವಾರಕ್ಕೆ ಅರ್ಧ ಸುತ್ತು. 83, 81, 79! ಆ ಸಂತೋಷಕ್ಕೆ ಕಚೇರಿಯಲ್ಲಿ ದಿನಾ ಕೇಕು ತಿಂದೆ.

ಆರನೆಯ ವಾರ ಹೆಂಡತಿ ಮೆಲ್ಲಗೆ ಕೇಳಿದಳು. “ರೀ, ನಾನೂ ಐವತ್ನಾಲ್ಕರಿಂದ ಐವತ್ತಕ್ಕೆ ಇಳಿದಿದ್ದೀನಿ. ಹೊಟ್ಟೆತುಂಬ ತಿಂತಿದ್ದೀನಲ್ಲ?”

“ಒಳ್ಳೇದೇ ಆಯ್ತು ಬಿಡು! ನನ್ನ ಶಿಸ್ತು ನೋಡಿ ನೋಡಿ ನಿನಗೂ ಇಳಿದಿರ್ಬೇಕು!”

ಆಗಲೇ ಬಾಯಿಬಿಟ್ಟಿದ್ದರೆ ಅರ್ಧ ಮರ್ಯಾದೆಯಾದರೂ ಉಳಿಯುತ್ತಿತ್ತು.

ಎರಡು ತಿಂಗಳಾದ ಮೇಲೆ ಆಸ್ಪತ್ರೆಗೆ ಹೋದರೆ, ನನಗಿಂತ ಮೊದಲು ಅವಳೇ ಕೈ ಚಾಚಿದಳು. “ನನ್ನ ರಕ್ತನೂ ನೋಡಿ ಡಾಕ್ಟ್ರೇ. ಕಾರಣ ಇಲ್ದೆ ತೂಕ ಇಳಿದ್ರೆ ಸಕ್ಕರೆ ಕಾಯಿಲೆ ಇರಬಹುದು ಅಂತ ನಿಮ್ಮ ಗೋಡೆ ಮೇಲೇ ಬರೆದಿದೆ. ಎರಡು ವಾರದಿಂದ ನಂಗೆ ನಿದ್ದೆ ಇಲ್ಲ.”

ನಾಚಿಕೆಯಿಂದ ನಾನು ಕುಗ್ಗಿಹೋದೆ. ಆದರೆ ಕುಗ್ಗಿದ್ದು ಮನಸ್ಸು ಮಾತ್ರ! ಅಲ್ಲಿನ ಯಂತ್ರದಲ್ಲಿ ಅವಳ ತೂಕ ಅದೇ ಐವತ್ನಾಲ್ಕು, ಸಕ್ಕರೆ ಸರಿಯಾಗಿತ್ತು. ನಾನು ಎಂಬತ್ತೇಳು, ಸಕ್ಕರೆ ಮೊದಲಿಗಿಂತ ಒಂದು ಮೆಟ್ಟಿಲು ಮೇಲೆ. ರಕ್ತಕ್ಕೆ ತಿರುಪು ಇಲ್ಲವಲ್ಲ!

ಡಾಕ್ಟರು ಮಾತ್ರೆ ಬರೆಯುತ್ತಾ ಹೇಳಿದರು. “ನಿಮ್ಮನೆ ಯಂತ್ರನ ಯಾರಿಗಾದ್ರೂ ತೋರಿಸಿ. ಅದಕ್ಕೇ ಅಂತ ಒಬ್ಬ ಸಾಹೇಬ್ರು ಇರ್ತಾರಂತೆ.”

ಹೆಂಡತಿ ನನ್ನ ಮುಖ ನೋಡಿದಳು. ಮನೆಯ ಕಡೆ ತಿರುಗದೆ ನೆಟ್ಟಗೆ ಧಾನ್ಯದಂಗಡಿಗೆ ಕರೆದೊಯ್ದಳು. ಹೋದ ವರ್ಷ ಹತ್ತು ಗ್ರಾಂ ತಪ್ಪಿಗೆ ನಾನು ದಂಡ ಹಾಕಿದ್ದ ಅದೇ ಅಂಗಡಿ! ವರ್ತಕ ಎದ್ದು ಕೈಮುಗಿದ.

“ಹೆದರ್ಬೇಡಿ. ಇನ್ಮೇಲೆ ಪ್ರತಿ ಭಾನುವಾರ ಇವರನ್ನ ಇಲ್ಲೇ ತೂಗ್ಬೇಕು,” ಎಂದು ಮೂಟೆ ತೂಗುವ ದೊಡ್ಡ ತಕ್ಕಡಿ ತೋರಿಸಿದಳು. ನನ್ನ ಕಡೆ ತಿರುಗಿ, “ಹತ್ರೀ. ನೀವೇ ಸೀಲ್ ಹಾಕಿರೋದು. ಸುಳ್ಳು ಅನ್ನೋ ಹಾಗಿಲ್ಲ,” ಎಂದಳು.

ಹತ್ತಿದೆ. ವರ್ತಕ ಕನ್ನಡಕ ಏರಿಸಿ, ಇಡೀ ಬೀದಿಗೆ ಕೇಳುವಂತೆ ಕೂಗಿದ.

“ಎಂಬತ್ತೇಳು ಕೆಜಿ! ಹತ್ತು ಗ್ರಾಂನೂ ಮೋಸ ಇಲ್ಲ, ಸಾಹೇಬ್ರೇ!”