ಕೊನೆಯ ಒಂದು ಸುತ್ತು

ಮನುಷ್ಯರಲ್ಲಿ ಎರಡೇ ಜಾತಿ ಎಂದು ನಾನು ಬಹಳ ಹಿಂದೆಯೇ ತೀರ್ಮಾನಿಸಿದ್ದೇನೆ. ಸ್ಕ್ರೂವನ್ನು ಪೂರ್ತಿ ಬಿಗಿ ಮಾಡುವವರು ಒಂದು ಜಾತಿ. ಇನ್ನೊಂದು ಸುತ್ತು ಉಳಿದಿರುವಾಗಲೇ "ಸಾಕು ಬಿಡು" ಎಂದು ಕೈ ತೆಗೆಯುವವರು ಇನ್ನೊಂದು ಜಾತಿ. ನಾನು ಹುಟ್ಟಿನಿಂದಲೇ ಎರಡನೆಯವನು. ನನ್ನ ಪೆನ್ನಿನ ಮಸಿ ಕಾಗದದ ಮೇಲೆ ಹರಿದದ್ದಕ್ಕಿಂತ ಅಂಗಿಯ ಜೇಬಿನಲ್ಲಿ ಹರಿದದ್ದೇ ಹೆಚ್ಚು. ನಾನು ಬಂದ್ ಮಾಡಿದ ನಳ ಬೆಳತನಕ ತೊಟ್ಟಿಕ್ಕುತ್ತದೆ. ಮದುವೆಯಾದ ಹೊಸದರಲ್ಲಿ ನನ್ನಾಕೆ ಉಪ್ಪಿನಕಾಯಿಯ ಗಾಜಿನ ಬಾಟಲಿಯನ್ನು ಮುಚ್ಚಳ ಹಿಡಿದು ಎತ್ತಿದಳು. ಮುಚ್ಚಳ ಅವಳ ಕೈಯಲ್ಲಿ ಉಳಿಯಿತು, ಬಾಟಲಿ ನೆಲದ ಮೇಲೆ ಚೂರಾಯಿತು. "ಅಲ್ರೀ, ಮುಚ್ಚಳಾ ಹಾಕೂದಂದ್ರ ಬಾಟ್ಲಿ ತಲಿಮ್ಯಾಲೆ ಟೊಪಗಿ ಇಟ್ಟಂಗ ಅಂತ ತಿಳದೀರೇನು?" ಎಂದು ಅವಳು ಕೇಳಿದಳು. ಅವತ್ತು ನಕ್ಕುಬಿಟ್ಟೆ. ಇಂಥ ಸಣ್ಣ ದೋಷದಿಂದ ಹನ್ನೆರಡು ಮನೆಯವರ ಅನ್ನಕ್ಕೆ ಸಂಚಕಾರ ಬಂದೀತು ಎಂದು ಆಗ ಯಾರಿಗೆ ಗೊತ್ತಿತ್ತು?

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಹಾನಗಲ್ಲಿನಿಂದ ಅಕ್ಕಿಆಲೂರಿಗೆ ಹೋಗುವ ರಸ್ತೆಯಲ್ಲಿ ಇಳಿದು ಒಂದು ಮೈಲಿ ಒಳಗೆ ನಡೆದರೆ ಒಂದು ದೊಡ್ಡ ಕೆರೆ. ಅಲ್ಲಿಯ ಮೀನುಗಾರರ ಸಂಘಕ್ಕೆ ನಾನು ಕಾರ್ಯದರ್ಶಿ. ನನಗೆ ಈಜು ಬರುತ್ತಿರಲಿಲ್ಲ, ಮೀನನ್ನು ಬಾಯಿಗೆ ಇಟ್ಟವನೂ ಅಲ್ಲ. ನನಗಿದ್ದ ಒಂದೇ ಯೋಗ್ಯತೆ ದುಂಡಗಿನ ಅಕ್ಷರ. ಆದರೆ ಅಂಬಿಗ ಹನುಮಂತಣ್ಣ ಇದಕ್ಕೆ ಬೇರೆಯೇ ವ್ಯಾಖ್ಯಾನ ಕೊಟ್ಟಿದ್ದ: "ಮೀನು ತಿನ್ನಾಂವನ್ನ ಸೆಕ್ರೆಟ್ರಿ ಮಾಡಿದ್ರ ಸಂಘದಾಗ ಮೀನ ಉಳಿಯೂದಿಲ್ಲರಿ. ಅದಕ್ಕ ನಿಮ್ಮನ್ನ ಹುಡುಕೇವಿ." ಹನುಮಂತಣ್ಣನಿಗೆ ಐವತ್ತು ದಾಟಿತ್ತು. ಮೂವತ್ತು ವರ್ಷ ಹರಗೋಲಿನಲ್ಲಿ ಆ ಕೆರೆಯ ಮೇಲೆ ಗಿರಗಿರ ತಿರುಗಿದವನು. ಸಂಘಕ್ಕೆ ಸರಕಾರದಿಂದ ಒಂದು ಮರದ ದೋಣಿ, ಅದರ ಹಿಂಬದಿಗೆ ತಗುಲಿಸುವ ಒಂದು ಸೀಮೆಎಣ್ಣೆ ಎಂಜಿನ್ನು ಬಂದಾಗ ಅದನ್ನು ನಡೆಸುವ ಕೆಲಸ ಅವನಿಗೇ ಬಂತು. ಆ ಕೆರೆಗೆ ಮರದ ದೋಣಿ ಇಳಿದದ್ದು ಅದೇ ಮೊದಲು. ಎಂಜಿನ್ನು ಹಗ್ಗ ಎಳೆದ ಕೂಡಲೇ ಮುದುಕನ ಹಾಗೆ ಮೂರು ಸಲ ಕೆಮ್ಮುತ್ತಿತ್ತು, ಆಮೇಲೆ ಓಡುತ್ತಿತ್ತು. ಎರಡಲ್ಲ, ನಾಲ್ಕಲ್ಲ, ಮೂರೇ ಸಲ.

ಎಂಜಿನ್ನನ್ನು ದಿನಾ ಬೆಳಿಗ್ಗೆ ದೋಣಿಯ ಹಿಂದಿನ ಹಲಗೆಗೆ ಸಿಕ್ಕಿಸಿ ಎರಡು ದೊಡ್ಡ ಸ್ಕ್ರೂ ಬಿಗಿ ಮಾಡಬೇಕು. ಒಂದು ವೇಳೆ ಕಳಚಿದರೆ ಇರಲಿ ಎಂದು ಒಂದು ಸರಪಳಿಯಿಂದ ದೋಣಿಗೆ ಕಟ್ಟಬೇಕು. ಒಂದು ದಿನ ಹನುಮಂತಣ್ಣ ಹೆಬ್ಬೆರಳಿಗೆ ಮೀನಿನ ಮುಳ್ಳು ನೆಟ್ಟು ಬಟ್ಟೆ ಸುತ್ತಿಕೊಂಡಿದ್ದ. ನಾನು ತಪಾಸಣೆಗೆಂದು ಹೋದವನು ದೊಡ್ಡಸ್ತಿಕೆ ತೋರಿಸಲು "ನಾ ಹಾಕ್ತೇನಿ ಬಿಡೋ ಹನುಮಂತಣ್ಣ" ಎಂದು ಎರಡೂ ಸ್ಕ್ರೂ ನಾನೇ ತಿರುಗಿಸಿದೆ. ಎಲ್ಲಿಯವರೆಗೆ ತಿರುಗಿಸಿದೆ ಎಂದು ಓದುಗರು ಊಹಿಸಬಲ್ಲರು. ಇನ್ನು ಸರಪಳಿ ಎಲ್ಲಿತ್ತು? ಹಾನಗಲ್ಲಿನ ಬಸ್ ನಿಲ್ದಾಣದ ಹಿಂದೆ ನನ್ನ ಸೈಕಲ್ಲಿಗೆ ಬೀಗ ಹಾಕಿಕೊಂಡು ಭದ್ರವಾಗಿತ್ತು.

ಮಟಮಟ ಮಧ್ಯಾಹ್ನ. ಕೆರೆಯ ನಡುವೆ ಮಡು ಎಂದು ಕರೆಯುವ ಆಳದ ಜಾಗ ಬಂತು. ಬಲೆ ಎತ್ತಲು ಎಂಜಿನ್ನು ನಿಲ್ಲಿಸಿ ಹನುಮಂತಣ್ಣ ಮುಂಬದಿಗೆ ಬಗ್ಗಿದ್ದ. ಗಾಳಿಯಿಲ್ಲ, ಹಕ್ಕಿಯಿಲ್ಲ. ನೀರು ಎಷ್ಟು ಸುಮ್ಮನಿತ್ತೆಂದರೆ ನನ್ನ ಮುಖ ನನಗೇ ಕಾಣುತ್ತಿತ್ತು. ಎಂಜಿನ್ನು ನನ್ನ ಕಣ್ಣೆದುರಿಗೇ ನಿಧಾನವಾಗಿ ತಲೆ ಬಾಗಿಸಿತು. ಕೈ ಚಾಚಬಹುದಿತ್ತು, ಚಾಚಲಿಲ್ಲ. ಒಂದು ಸಲ ಗುಳುಂ ಎಂದಿತು, ಅಷ್ಟೆ. ಹನುಮಂತಣ್ಣ ತಿರುಗಿ ನೋಡುವಷ್ಟರಲ್ಲಿ ನನ್ನ ಬಾಯಿ ನನ್ನನ್ನು ಕೇಳದೆ ಮಾತಾಡಿಬಿಟ್ಟಿತ್ತು: "ಹನುಮಂತಣ್ಣ, ಕೆರಿ ಎಳಕೊಂಡ್ತೋ!" ಅವನು ಖಾಲಿ ಹಲಗೆಯನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ನೀರಿಗೆ ಕೈ ಮುಗಿದ. ಹುಟ್ಟು ಹಾಕಿಕೊಂಡು ದಂಡೆಗೆ ಬಂದೆವು.

ಒಂದು ಸುಳ್ಳು ಹೇಳಿದವನಿಗೆ ಅದು ಎಷ್ಟು ದೂರ ಓಡುತ್ತದೆ ಎಂಬ ಅಂದಾಜು ಇರುವುದಿಲ್ಲ. ನನ್ನದು ಸಂಜೆಯೊಳಗೆ ಅಕ್ಕಿಆಲೂರಿನ ಸಂತೆ ಮುಟ್ಟಿತ್ತು. ಮರುದಿನದಿಂದ ಯಾರೂ ಮಡುವಿನ ಕಡೆ ಹೋಗಲಿಲ್ಲ. ಒಳ್ಳೆಯ ಮೀನೆಲ್ಲ ಅಲ್ಲೇ. ದಂಡೆಯಲ್ಲಿ ಸಿಗುವುದು ಬೆರಳುದ್ದದ ಮರಿ. ಹನ್ನೆರಡು ಮನೆಯವರ ಬುಟ್ಟಿ ಅರ್ಧಕ್ಕಿಳಿಯಿತು. ಹನುಮಂತಣ್ಣನಂತೂ ನೀರಿಗೆ ಕಾಲು ಇಡುವುದನ್ನೇ ಬಿಟ್ಟ. ಏರಿಯ ಮೇಲೆ ಕುಳಿತು ಕೆರೆಯನ್ನು ನೋಡುತ್ತ, "ಮೂವತ್ತು ವರ್ಷ ಕೆರಿಯವ್ವನ ಮಡಿಲಾಗ ಇದ್ದೆ. ನನ್ನಿಂದ ಏನ ತಪ್ಪಾತು ಅಂತ ಆಕಿ ಹೇಳವಲ್ಲಳ್ರೀ" ಎನ್ನುತ್ತಿದ್ದ. ತಪ್ಪು ಮಾಡಿದವನು ಪಕ್ಕದಲ್ಲೇ ಕುಳಿತು ಶೇಂಗಾ ಸುಲಿಯುತ್ತಿದ್ದ. ನನಗೆ ನಿಜಕ್ಕೂ ನಾಚಿಕೆಯಾಗುತ್ತಿತ್ತು. ಆದರೆ ನಾಚಿಕೆಯಾದರೂ ಬಾಯಿ ಬಿಡದಿರುವುದು ಸಾಧ್ಯ ಎಂದು ಆಗಲೇ ಕಲಿತೆ.

ಹೊಸ ಎಂಜಿನ್ನು ಬಂದರೆ ಎಲ್ಲ ಸರಿಹೋದೀತು ಎಂದು ಸಂಘದ ಸಭೆ ಕರೆದೆ. ಎಂಜಿನ್ನು ಆರಿಸುವುದು ಹೇಗೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎತ್ತು ಆರಿಸಿ ಗೊತ್ತಿತ್ತು. ಹಾಗಾಗಿ ಎಷ್ಟು ಕೈ ಬದಲಾಗಿದೆ, ಒದೆಯುತ್ತದೆಯೋ, ಹಿಂದಿನ ಮನೆಯಲ್ಲಿ ಏನು ಮೇಯುತ್ತಿತ್ತು, ಮೈಮೇಲೆ ಕೆಟ್ಟ ಸುಳಿ ಇದೆಯೋ ಎಂದು ವಿಚಾರಿಸಿಕೊಂಡು ಬರಲು ನನಗೆ ಹೇಳಿದರು. ಹುಬ್ಬಳ್ಳಿಯ ಅಂಗಡಿಯಿಂದ ಹೊಸ ಎಂಜಿನ್ನಿನ ಬಣ್ಣದ ಚಿತ್ರಗಳ ಪುಸ್ತಕ ತರಿಸಿದೆ. ಹಿರೇಕೆರೂರಿನಲ್ಲಿ ಒಬ್ಬ ಗುತ್ತಿಗೆದಾರನ ಹತ್ತಿರ ಹಳೆಯದೊಂದಿದೆ ಎಂದು ಕೇಳಿ ಹೋದೆ. ಅದು ಹಗ್ಗ ಎಳೆದವನ ಮೊಣಕೈಗೆ ಸರಿಯಾಗಿ ಒದೆಯಿತು. ಎರಡು ದಿನ ಎಡಗೈಯಲ್ಲಿ ಊಟ ಮಾಡಿದೆ. ಕೊನೆಗೆ ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ ಸವಣೂರಿಗೆ ಹೋದೆ. ಅಲ್ಲಿ ಖಾದರಸಾಬ ಎಂಬ ಪಂಪ್‌ಸೆಟ್ ಮಿಸ್ತ್ರಿ ಕರಾವಳಿಯಿಂದ ತಂದ ಒಂದು ಎಂಜಿನ್ನನ್ನು ರಿಪೇರಿ ಮಾಡಿ ಇಟ್ಟಿದ್ದರು.

ಖಾದರಸಾಬರು ಅಂಗಡಿಯ ಮುಂದಿನ ನೀರಿನ ಡ್ರಮ್ಮಿಗೆ ಅದನ್ನು ತಗುಲಿಸಿ ಒಂದೇ ಎಳೆತಕ್ಕೆ ಚಾಲೂ ಮಾಡಿದರು. ಕೆಮ್ಮಿಲ್ಲ, ಒದೆತವಿಲ್ಲ. ಜೇನಿನ ಹಾಗೆ ಗುಂಯ್ ಎನ್ನುತ್ತಿತ್ತು. ನನ್ನ ಮನಸ್ಸಿಗೆ ಬಂತು. ಅವರು ಚಹಾ ತರಿಸಿ, ಕೈ ಒರೆಸಿಕೊಳ್ಳುತ್ತ, "ಹಳೇದು ಹೆಂಗ ಹೋತ್ರಿ ಸಾಹೇಬ್ರ?" ಎಂದರು. "ಕೆರಿ ಎಳಕೊಂಡ್ತ್ರೀ" ಎಂದೆ. ಅಷ್ಟೊತ್ತಿಗೆ ಅದು ಬಾಯಿಪಾಠವಾಗಿತ್ತು. ಅವರು ಚಹಾದ ಬಟ್ಟಲು ಕೆಳಗಿಟ್ಟರು. "ನೀರು ಸುಮ್ಮಸುಮ್ಮನ ಯಾರದೂ ಕಸಗೊಳ್ಳೂದಿಲ್ಲರಿ. ಕೊಟ್ಟದ್ದನ್ನ ತೊಗೋತೈತಿ. ಸ್ಕ್ರೂ ಬಿಗಿ ಮಾಡಿದಾವ್ರು ಯಾರಿದ್ರು?" ಎಂದರು. ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಎದ್ದೆ. ಬಸ್ಸು ಬರಲು ಇನ್ನೂ ಒಂದು ತಾಸಿತ್ತು.

ಊರಿಗೆ ಬಂದು ಸವಣೂರಿನದೇ ಇರಲಿ ಎಂದೆ. ನನ್ನ ಮಾತನ್ನು ಯಾರು ಕೇಳಬೇಕು? ಹಳೆಯದನ್ನು ಎಳೆದುಕೊಂಡವಳು ಕೆರೆಯವ್ವ, ಹೊಸದಕ್ಕೆ ಒಪ್ಪಿಗೆ ಕೊಡಬೇಕಾದವಳೂ ಅವಳೇ ಎಂದು ಹನುಮಂತಣ್ಣ ಹಟ ಹಿಡಿದ. ಅವಳ ಹೂವಿಲ್ಲದೆ ತಾನು ದೋಣಿ ಹತ್ತುವುದಿಲ್ಲ ಎಂದ. ಅವನು ಹತ್ತದಿದ್ದರೆ ಯಾರೂ ಹತ್ತುವುದಿಲ್ಲ. ಹೂ ಕೇಳುವುದೆಂದರೆ ದೇವಿಯ ಹಣೆಗೆ ಒದ್ದೆ ಎಸಳು ಅಂಟಿಸಿ ಕಾಯುವುದು. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಊಹೂಂ. ಮದುವೆಗೆ, ಬಾವಿ ತೋಡುವುದಕ್ಕೆ ಕೇಳಿದ್ದನ್ನು ನೋಡಿದ್ದೆ. ಎಂಜಿನ್ನಿಗೆ ಹೂ ಕೇಳಿದ ಸಂಘ ನಮ್ಮದೊಂದೇ ಇರಬೇಕು.

ಏರಿಯ ಮೇಲಿನ ಕೆರೆಯವ್ವನ ಗುಡಿ ನಾಲ್ಕು ಆಳು ನಿಂತರೆ ತುಂಬುವಷ್ಟು. ಪೂಜೆಯ ನಾಗವ್ವ ಎಂಬತ್ತರ ಮುದುಕಿ, ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ಹುಬ್ಬಳ್ಳಿಯದಕ್ಕೆ ಎಡ, ಹಿರೇಕೆರೂರಿನದಕ್ಕೆ ಎಡ. ನನ್ನ ಮೊಣಕೈ ಅದನ್ನು ಒಪ್ಪಿತು. ಸವಣೂರಿನದಕ್ಕೆ ಹೂ ಬೀಳಲೇ ಇಲ್ಲ. ಎಸಳು ಒಣಗಿ ಮುರುಟಿದರೂ ಹಣೆಗೆ ಹಾಗೇ ಅಂಟಿಕೊಂಡಿತ್ತು. ಹೊರಗೆ ನಿಂತವರ ಉಸಿರಾಟ ಕೇಳುತ್ತಿತ್ತು. ನಾಗವ್ವ ತಲೆ ಎತ್ತದೆ ಹೇಳಿದಳು: "ಇಲ್ಲಿ ಯಾರದೋ ಹೊಟ್ಟ್ಯಾಗ ಒಂದು ಮಾತು ಕುಂತೈತಿ. ಅದು ಹೊರಗ ಬರೂಮಟ ತಾಯಿ ಹೂ ಕೊಡೂದಿಲ್ಲ." ಆಮೇಲೆ ತನ್ನ ಮಂಜುಗಣ್ಣನ್ನು ನೆಟ್ಟಗೆ ನನ್ನ ಕಡೆ ತಿರುಗಿಸಿದಳು. ಅಷ್ಟು ಜನರಲ್ಲಿ ನನ್ನ ಕಡೆಯೇ. ಕಣ್ಣು ಮುಚ್ಚಿ ಮನಸ್ಸಿನಲ್ಲೇ, "ತಾಯಿ, ಸ್ಕ್ರೂ ಸಡಿಲ ಬಿಟ್ಟವನು ನಾನೇ. ಹನುಮಂತಣ್ಣನಿಗೆ ಹೇಳುತ್ತೇನೆ, ಹೂ ಕೊಡು" ಎಂದೆ. ಕಣ್ಣು ತೆಗೆಯುವುದರೊಳಗೆ ಎಸಳು ಬಲಕ್ಕೆ ಬಿದ್ದಿತ್ತು. ಎಲ್ಲರೂ ಒಮ್ಮೆಲೇ ಕೂಗಿದರು, ಹನುಮಂತಣ್ಣ ಅತ್ತೇಬಿಟ್ಟ. ಅಂಥ ಸಂತೋಷದ ನಡುವೆ ಕೆಟ್ಟ ಸುದ್ದಿ ಹೇಳುವುದು ಸರಿಯೇ? ನಾಳೆ ಹೇಳೋಣ ಎಂದುಕೊಂಡೆ. ಹರಕೆಯಲ್ಲೂ ನಾನು ಕೊನೆಯ ಸುತ್ತು ಬಿಟ್ಟವನೇ.

ಸವಣೂರಿನ ಎಂಜಿನ್ನು ಬಂತು. ಸರಪಳಿಯನ್ನು ಸೈಕಲ್ಲಿನಿಂದ ಬಿಡಿಸಿ ತಂದುಕೊಟ್ಟೆ. ಸ್ಕ್ರೂ ಮುಟ್ಟಲಿಲ್ಲ. ಮೊದಲ ದಿನ ನನ್ನನ್ನೂ ಕರೆದುಕೊಂಡು ಹನುಮಂತಣ್ಣ ಮಡುವಿಗೆ ಹೋಗಿ ಎಂಜಿನ್ನು ನಿಲ್ಲಿಸಿದ. ಅದೇ ಮಧ್ಯಾಹ್ನದ ಹೊತ್ತು, ಅದೇ ಸುಮ್ಮನಿದ್ದ ನೀರು. ಆಗ ದೋಣಿಯ ಹಲಗೆಯ ಕೆಳಗಿನಿಂದ ಕೆಮ್ಮು ಕೇಳಿಸಿತು. ಒಂದು. ಎರಡು. ಮೂರು. ಆಮೇಲೆ ಟರ್ ಟರ್ ಎಂದು ಯಾವುದೋ ದೋಣಿ ದೂರದೂರ ಸಾಗಿದ ಹಾಗೆ. ಅಂಗಾಲಿಗೆ ಅದರ ನಡುಕ ತಾಗುತ್ತಿತ್ತು. "ಏರಿ ಕಲ್ಲಿಗೆ ಬಡದು ಸಪ್ಪಳ ತಿರುಗಿ ಬರ್ತೈತೋ" ಎಂದೆ. "ಹೊಸಾದು ಕೆಮ್ಮೂದಿಲ್ಲಲ್ರೀ" ಎಂದ ಹನುಮಂತಣ್ಣ. ಅವನಿಗೆ ಹೆದರಿಕೆಯೇ ಇರಲಿಲ್ಲ. "ಹಳೇದು ಯಾರಿಗೋ ಉಪಯೋಗ ಆಗಾಕತ್ತೈತಿ, ಆಗ್ಲಿ ಬಿಡ್ರಿ" ಎಂದು ಬಲೆ ಎತ್ತಿದ. ಬಲೆಯ ತುಂಬ ಮೀನು. ಅವತ್ತಿನಿಂದ ಹನ್ನೆರಡು ಮನೆಯವರೂ ಮತ್ತೆ ಮಡುವಿಗೆ ಹೋಗತೊಡಗಿದರು. ನಾನೊಬ್ಬ ಮಾತ್ರ ತಪಾಸಣೆಯನ್ನು ಏರಿಯ ಮೇಲಿನಿಂದಲೇ ಮಾಡುವ ಹೊಸ ಪದ್ಧತಿ ತಂದೆ.

ಎರಡು ವರ್ಷ ಕಳೆಯಿತು. ಒಂದು ಬೇಸಿಗೆಯಲ್ಲಿ ತೂಬಿನ ರಿಪೇರಿಗೆಂದು ಕೆರೆಯ ನೀರೆಲ್ಲ ಬಿಟ್ಟರು. ನಾಲ್ಕನೆಯ ದಿನ ಮಡುವಿನ ಕೆಸರು ಕಾಣಿಸಿತು. ಹನುಮಂತಣ್ಣ ನನ್ನ ಕಚೇರಿಗೆ ಬಂದು, "ಹಳೇ ಎಂಜಿನ್ ಸಿಕ್ಕೈತ್ರಿ, ನೀವ ಬಂದು ನೋಡಬೇಕು" ಎಂದ. ಮೊಣಕಾಲುದ್ದದ ಕೆಸರಿನಲ್ಲಿ ಅವನ ಹೆಗಲು ಹಿಡಿದು ನಡೆದೆ. ಎಂಜಿನ್ನು ಕೆಸರಿನಲ್ಲಿ ಬಿದ್ದಿರಲಿಲ್ಲ, ನೆಟ್ಟಗೆ ನಿಂತಿತ್ತು. ಕೆಸರಿನಿಂದ ಒಂದು ದೋಣಿಯ ಹಿಂಬದಿ ಮೇಲೆದ್ದಿತ್ತು. ಕಪ್ಪಗಾದ ಮರ, ಕಬ್ಬಿಣದ ಮೊಳೆಯೇ ಇಲ್ಲ, ಎಲ್ಲ ಮರದ ಬೆಣೆ. ಎಷ್ಟು ತಲೆಮಾರಿನ ಹಿಂದಿನದೋ. ಈ ಕೆರೆಯಲ್ಲಿ ಅಂಥದ್ದು ತೇಲಿದ್ದನ್ನು ಹನುಮಂತಣ್ಣನ ಅಜ್ಜನೂ ಕೇಳಿರಲಿಲ್ಲ. ಅದರ ಹಿಂದಿನ ಹಲಗೆಗೆ ನಮ್ಮ ಎಂಜಿನ್ನು ಸಿಕ್ಕಿಸಿತ್ತು. ಎರಡೂ ಸ್ಕ್ರೂ ಬೆರಳು ಮುಳುಗುವಷ್ಟು ಮರಕ್ಕೆ ಕಚ್ಚಿಕೊಂಡಿದ್ದವು.

ಎಂಜಿನ್ನು ಆರಿಸಲು ನಮಗೆ ಮೂರು ಊರು, ಒಂದು ಸಭೆ, ಒಬ್ಬ ದೇವಿ ಬೇಕಾಯಿತು. ಆ ದೋಣಿಯವನು, ಯಾರೇ ಇರಲಿ, ಏನೂ ಕೇಳದೆ ಆರಿಸಿಕೊಂಡಿದ್ದ. ಇಂಥ ತಮಾಷೆಯ ಯೋಚನೆ ಬಂದದ್ದು ಆಮೇಲೆ. ಅಲ್ಲಿ ನಿಂತಾಗ ಬಾಯಿಗೆ ಬಂದದ್ದೇ ಬೇರೆ. "ಹನುಮಂತಣ್ಣ, ಕೆರಿ ಎಳಕೊಳ್ಳಲಿಲ್ಲೋ. ನಾ ಸ್ಕ್ರೂ ಸಡ್ಲ ಬಿಟ್ಟಿದ್ದೆ. ನಾ ನೋಡಾಕತ್ತಾಗ ಬಿತ್ತು" ಎಂದೆ. ಅವನು ಆ ಕಪ್ಪು ಹಲಗೆಯ ಮೇಲಿನ ಕೆಸರು ಒರೆಸಿದ. "ನಾ ಆರು ತಿಂಗಳ ನೀರಿಗೆ ಇಳೀಲಿಲ್ಲರಿ. ಬಾಜೂಕ ಕುಂತು ನೀವು ನೋಡಿದ್ರಿ" ಎಂದ. "ಹೌದು" ಎಂದೆ. ಅವನು ಬಗ್ಗಿ ಸ್ಕ್ರೂ ಹಿಡಿದು ಬಲವಾಗಿ ತಿರುವಿದ. ಅಲುಗಲಿಲ್ಲ. ನಾನೂ ತಿರುವಿದೆ, ಅಲುಗಲಿಲ್ಲ. ಆಗ ಅವನು ಸಿಟ್ಟಿಲ್ಲದೆ, ಮಗುವಿನ ಹಾಗೆ ಕೇಳಿದ: "ಸಡ್ಲ ಬಿಟ್ಟಾವ್ರು ನೀವು. ಒಪ್ಪಿದೆ. ಬಿಗಿ ಮಾಡಿದಾವ್ರು ಯಾರ್ರಿ?"

ಎಂಜಿನ್ನನ್ನು ಅಲ್ಲೇ ಬಿಟ್ಟು ಬಂದೆವು. ಮಳೆಗಾಲಕ್ಕೆ ಕೆರೆ ಮತ್ತೆ ತುಂಬಿತು. ಹನುಮಂತಣ್ಣ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟ, ಆಮೇಲೆ ತಾನಾಗಿಯೇ ಬಂದು ಶೇಂಗಾ ಕೇಳಿದ. ನಾನು ಅವತ್ತಿನಿಂದ ಪಾಠ ಕಲಿತೆ ಎಂದು ಹೇಳಿದರೆ ಪ್ರಬಂಧಕ್ಕೆ ಒಳ್ಳೆಯ ಮುಕ್ತಾಯವಾಗುತ್ತಿತ್ತು. ಆದರೆ ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ? ಮೊನ್ನೆಯೂ ಊಟವಾದ ಮೇಲೆ ಉಪ್ಪಿನಕಾಯಿಯ ಬಾಟಲಿಯ ಮೇಲೆ ಮುಚ್ಚಳವನ್ನು ಟೊಪ್ಪಿಗೆಯ ಹಾಗೆ ಇಟ್ಟು ಎದ್ದಿದ್ದೆ. ಅದು ನನಗೆ ಚೆನ್ನಾಗಿ ನೆನಪಿದೆ. ಮರುದಿನ ಮಧ್ಯಾಹ್ನ ನನ್ನಾಕೆ ಬಾಟಲಿ ಹಿಡಿದು ಬಂದಳು. ಅವಳಿಂದ ತೆಗೆಯಲು ಆಗಿರಲಿಲ್ಲ. ನನ್ನಿಂದಲೂ ಆಗಲಿಲ್ಲ. ಮುಚ್ಚಳದ ಅಂಚು ತಣ್ಣಗೆ, ಒದ್ದೆಯಾಗಿತ್ತು. "ಇಷ್ಟ ಬಿಗಿ ಯಾರ ಮಾಡಿದ್ರು? ನಾ ಅಂತೂ ಮುಟ್ಟಿಲ್ಲ" ಎಂದಳು. ಮನೆಯಲ್ಲಿ ಇರುವವರು ನಾವಿಬ್ಬರೇ. ಅವಳ ಮುಖವನ್ನೇ ನೋಡುತ್ತ, ಜೀವನದಲ್ಲಿ ಎರಡನೆಯ ದೊಡ್ಡ ಸುಳ್ಳು ಹೇಳಿದೆ.

"ನಾನ" ಎಂದೆ.